ಕೊಲಂಬಸ್‌ಗೆ ಬರುತ್ತಿರುವ ತಮ್ಮನಿಗೆ: ಫುಟ್‌ಬಾಲ್ ದುಡ್ಡು, ನಿನ್ನ ವೀಸಾ

ನಿನ್ನ ಮೆಸೇಜ್ ಓದಿದೆ. ಆಗಸ್ಟ್‌ನಲ್ಲಿ ಇಲ್ಲಿಯ ಒಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಎಂ.ಎಸ್. ಮಾಡಲು ಬರುತ್ತಿದ್ದೀಯ, ಒಳ್ಳೇದಾಗಲಿ. ಪ್ರಶ್ನೆ ಒಂದು ರಾಶಿ ಕೇಳಿದ್ದೀಯ. ಮನೆ ಎಲ್ಲಿ ಹುಡುಕಲಿ, ಚಳಿಗೆ ಏನು ತರಲಿ, ಕುಕ್ಕರ್ ತರಲಾ ಬೇಡವಾ. ಅದರ ಮಧ್ಯೆ ಇದನ್ನೂ ತೂರಿಸಿದ್ದೀಯ: "ಅಣ್ಣಾ, ಅಲ್ಲಿ ಕಾಲೇಜ್ ಫುಟ್‌ಬಾಲ್ ಆಡೋ ಹುಡುಗರಿಗೆ ಕೋಟಿಗಟ್ಟಲೆ ಕೊಡ್ತಾರಂತೆ, ಕೋಚ್‌ಗೆ ಇನ್ನೂ ಜಾಸ್ತಿಯಂತೆ. ಅದು ನಮ್ಮ ಫೀಸಿನ ದುಡ್ಡಾ? ಆಟದ ದಿನ ನಮ್ಮಂಥವರಿಗೂ ಏನಾದ್ರೂ ಪಾರ್ಟ್ ಟೈಮ್ ಸಿಗುತ್ತಾ?" ನಾನು ಇಷ್ಟುದ್ದ ಬರೆಯಲು ಕೂತದ್ದೇ ಆ ಕೊನೆಯ ಸಾಲಿಗೋಸ್ಕರ.

ಮನೆ, ಚಳಿ ಬೇಗ ಮುಗಿಸುತ್ತೇನೆ. ಹೈ ಸ್ಟ್ರೀಟ್ ಅಕ್ಕಪಕ್ಕದ್ದು ಹಳೇ ಮನೆಗಳು, ಗಲಾಟೆ ಜಾಸ್ತಿ. ನದಿಯ ಆಚೆ ಕಡೆ ಶಾಂತ. ನಿನ್ನ ಐಡಿ ಕಾರ್ಡ್ ಇದ್ದರೆ ಸಿಟಿ ಬಸ್ಸಿಗೆ ಬೇರೆ ದುಡ್ಡಿಲ್ಲ. ಜಾಕೆಟ್ ಇಲ್ಲೇ ತಗೋ, ಊರಲ್ಲಿ ಕೊಂಡದ್ದು ಇಲ್ಲಿಯ ಜನವರಿಗೆ ಸಾಲಲ್ಲ. ಅಮ್ಮ ಸ್ವೆಟರ್ ಹಾಕಿಕೊಡ್ತೀನಿ ಅಂದರೆ ಬೇಡ ಅನ್ನಬೇಡ, ಆದರೆ ಹಳದಿ-ನೀಲಿ ಉಲ್ಲನ್ ಮಾತ್ರ ಬೇಡ. ಅದು ನಮ್ಮ ಬದ್ಧವೈರಿ ತಂಡ ಮಿಶಿಗನ್ ಬಣ್ಣ. ಹಳದಿ-ಕೆಂಪಿಗೆ ಯಾರೂ ಏನೂ ಅನ್ನಲ್ಲ, ನವೆಂಬರ್‌ನಲ್ಲಿ ನಾವು ಶಾಲು ಹೊದ್ದುಕೊಂಡೇ ಓಡಾಡುತ್ತೇವೆ.

ನಾನು ಬಂದದ್ದು 2010ರ ಸೆಪ್ಟೆಂಬರ್‌ನಲ್ಲಿ. ಆಗ ಇಲ್ಲಿ ಕ್ವಾರ್ಟರ್ ಪದ್ಧತಿ, ಕ್ಲಾಸು ಶುರುವಾಗುತ್ತಿದ್ದುದೇ ಆ ತಿಂಗಳ ಕೊನೆಗೆ. ಇಳಿದ ದಿನ ಶನಿವಾರ, ಮಿಯಾಮಿ ಜೊತೆ ಆಟ. ಕರೆದುಕೊಂಡು ಹೋಗಲು ಬಂದ ಸೀನಿಯರ್‌ಗೆ ಲೇನ್ ಅವೆನ್ಯೂ ಹತ್ತಿರ ಕಾರು ತರುವುದಕ್ಕೇ ಆಗಲಿಲ್ಲ. ಎಲ್ಲೋ ದೂರ ನಿಲ್ಲಿಸಿ, ಎರಡು ಸೂಟ್‌ಕೇಸ್ ಎಳೆದುಕೊಂಡು, ಹೆಗಲ ಮೇಲೆ ಚಟ್ನಿಪುಡಿ ಬ್ಯಾಗು ಹಾಕಿಕೊಂಡು ನಡೆದೆವು. ಎಲ್ಲಿ ನೋಡಿದರೂ ಕೆಂಪು ಅಂಗಿ. ಮುದುಕರು, ಬಸುರಿಯರು, ಕೈಗೂಸುಗಳು, ಎಲ್ಲರೂ. ಎದುರಿಗೆ ಬಂದ ಒಬ್ಬ ಅಜ್ಜ ನನ್ನ ಮುಖ ನೋಡಿ "ಓ-ಎಚ್!" ಎಂದು ಕೂಗಿದ. ನಾನು "ಹಲೋ ಸರ್" ಅಂದೆ. ಸೀನಿಯರ್ ಬಿದ್ದು ಬಿದ್ದು ನಕ್ಕ. "ಐ-ಓ ಅನ್ನಬೇಕು ಕಣೋ, ಎರಡೂ ಸೇರಿದರೆ ಒಹಾಯೊ ಸ್ಪೆಲಿಂಗು" ಅಂದ. ನೀನು ಇದನ್ನು ವಿಮಾನದಲ್ಲೇ ಬಾಯಿಪಾಠ ಮಾಡಿಕೊಂಡು ಬಾ.

ನಮ್ಮಲ್ಲಿ ಕಾಲೇಜು ಟೂರ್ನಮೆಂಟ್ ಅಂದರೆ ಗೊತ್ತಲ್ಲ, ನೋಡುವವರು ಆಡುವವರ ರೂಮ್‌ಮೇಟುಗಳು ಮತ್ತು ಒಬ್ಬ ಪಿ.ಟಿ. ಮಾಸ್ಟರು. ಇಲ್ಲಿನ ಸ್ಟೇಡಿಯಂನಲ್ಲಿ 1,02,780 ಜನ ಕೂರುತ್ತಾರೆ. ಕಟ್ಟಿದ್ದು 1922ರಲ್ಲಿ, ಕುದುರೆ ಲಾಳದ ಆಕಾರ. ಚಿನ್ನಸ್ವಾಮಿ ಎರಡು ಸಲ ತುಂಬಿಸಿದರೂ ಇಲ್ಲಿ ಸೀಟು ಉಳಿಯುತ್ತೆ. ಇದು ನಮ್ಮ ಫುಟ್‌ಬಾಲ್ ಅಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಆಟ ಅರ್ಥ ಆಗಲ್ಲ ಅಂತ ಹೆದರಬೇಡ. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತೆ. ಚೆಂಡು ಕೊನೆಯವರೆಗೆ ಒಯ್ದರೆ 6 ಅಂಕ, ಆಮೇಲೆ ಒದ್ದು ದಾಟಿಸಿದರೆ ಇನ್ನೊಂದು, ದೂರದಿಂದಲೇ ಒದ್ದು ಗೆದ್ದರೆ 3. ಉಳಿದದ್ದು ಪಕ್ಕದಲ್ಲಿ ಕೂತವರು ಕೇಳದೇ ಹೇಳಿಕೊಡುತ್ತಾರೆ.

ಈಗ ಫೀಸಿನ ವಿಷಯ. ಇಲ್ಲ, ನಿನ್ನ ಫೀಸಿನಿಂದ ಹೋಗಲ್ಲ. ಒಹಾಯೊ ಸ್ಟೇಟ್‌ನ ಕ್ರೀಡಾ ವಿಭಾಗ ಟಿವಿ ಹಕ್ಕು, ಟಿಕೆಟ್, ದಾನಿಗಳ ದುಡ್ಡಿನಲ್ಲೇ ನಡೆಯುತ್ತೆ. ಇದೇ ರಾಜ್ಯದ ಸಣ್ಣ ಯೂನಿವರ್ಸಿಟಿಗಳಲ್ಲಿ ಮಾತ್ರ ವಿದ್ಯಾರ್ಥಿಗಳ ಶುಲ್ಕದಿಂದಲೇ ತಂಡ ಸಾಕುತ್ತಾರೆ. ಅಲ್ಲಿಗೆ ಸೇರಿದ್ದರೆ ನೀನು ಕೇಳಿದ್ದು ಸರಿಯಾದ ಪ್ರಶ್ನೆ.

ಕೋಚ್ ರಯಾನ್ ಡೇಗೆ ವರ್ಷಕ್ಕೆ ಸರಾಸರಿ 1.25 ಕೋಟಿ ಡಾಲರ್. ರೂಪಾಯಿಗೆ ತಿರುಗಿಸಬೇಡ, ತಲೆ ಸುತ್ತುತ್ತೆ. 2024ರ ನವೆಂಬರ್‌ನಲ್ಲಿ ಇದೇ ಊರಿನವರು ಆತನನ್ನು ಓಡಿಸಿ ಅಂತ ಕೂಗುತ್ತಿದ್ದರು, ಯಾಕೆಂದರೆ ನಮ್ಮದೇ ಮೈದಾನದಲ್ಲಿ ಮಿಶಿಗನ್ ಎದುರು 13-10ರಲ್ಲಿ ಸೋತಿದ್ದರು, ಅದೂ ಸತತ ನಾಲ್ಕನೇ ಸಲ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲೂ ಬೈಗುಳವೇ ಬೈಗುಳ, ಅವತ್ತು ಅಲ್ಲಿ ಬರೆದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಎರಡು ತಿಂಗಳು ಆಗುವ ಮೊದಲೇ, 2025ರ ಜನವರಿ 20ರಂದು, ಅಟ್ಲಾಂಟಾದಲ್ಲಿ ನೋಟರ್ ಡೇಮ್ ತಂಡವನ್ನು 34-23ರಲ್ಲಿ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದರು. ಬೈದವರೇ ಪಾಯಸ ಹಂಚಿದರು. ಬೇರೆ ಕಡೆ ಇನ್ನೂ ವಿಚಿತ್ರ ಇದೆ. ಟೆಕ್ಸಾಸ್ ಎ ಆ್ಯಂಡ್ ಎಂ ಯೂನಿವರ್ಸಿಟಿ 2023ರಲ್ಲಿ ಜಿಂಬೋ ಫಿಶರ್ ಎಂಬ ಕೋಚ್‌ನನ್ನು ಕೆಲಸದಿಂದ ತೆಗೆಯಲು 7.5 ಕೋಟಿ ಡಾಲರ್‌ಗೂ ಜಾಸ್ತಿ ಕೊಡಲು ಒಪ್ಪಬೇಕಾಯಿತು. ಮನೆಗೆ ಹೋಗು ಅನ್ನುವುದಕ್ಕೆ! ಇದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ.

ಹುಡುಗರ ದುಡ್ಡಿನ ಬಗ್ಗೆ ಮಾತ್ರ ನನಗೆ ಹೊಟ್ಟೆಕಿಚ್ಚಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಬಂದ ವರ್ಷವೇ, ಡಿಸೆಂಬರ್‌ನಲ್ಲಿ, ತಂಡದ ಐವರು ಸಿಕ್ಕಿಬಿದ್ದರು. ತಪ್ಪೇನು ಗೊತ್ತಾ? ತಮಗೇ ಕೊಟ್ಟಿದ್ದ ಉಂಗುರ, ಜೆರ್ಸಿ, ಮಿಶಿಗನ್ ಮೇಲೆ ಗೆದ್ದವರಿಗೆ ಕೊಡುವ ಚಿನ್ನದ ಪುಟ್ಟ ಪ್ಯಾಂಟಿನ ಪದಕ, ಇವನ್ನೆಲ್ಲ ಕೊಟ್ಟು ಹಚ್ಚೆ ಹಾಕಿಸಿಕೊಂಡಿದ್ದರು, ಸ್ವಲ್ಪ ಕಾಸನ್ನೂ ತಗೊಂಡಿದ್ದರು. ತಮ್ಮ ಸಾಮಾನು ತಾವು ಮಾರಿದ್ದು. ಆದರೆ ಆಗಿನ ನಿಯಮದ ಪ್ರಕಾರ ಕಾಲೇಜು ಆಟಗಾರ ತನ್ನ ಆಟದ ಹೆಸರಿನಲ್ಲಿ ಒಂದು ಕಾಸೂ ಮುಟ್ಟುವಂತಿರಲಿಲ್ಲ. ಐದೈದು ಪಂದ್ಯ ನಿಷೇಧ. ವಿಷಯ ಮೊದಲೇ ಗೊತ್ತಿದ್ದೂ ಮುಚ್ಚಿಟ್ಟದ್ದಕ್ಕೆ ಕೋಚ್ ಜಿಮ್ ಟ್ರೆಸೆಲ್ 2011ರ ಮೇನಲ್ಲಿ ರಾಜೀನಾಮೆ ಕೊಟ್ಟರು. ಆ ವರ್ಷದ ಗೆಲುವುಗಳನ್ನೆಲ್ಲ ದಾಖಲೆಯಿಂದ ಅಳಿಸಿಹಾಕಿದರು. 2012ರಲ್ಲಿ ಹೊಸ ಕೋಚ್ ಅರ್ಬನ್ ಮೈಯರ್ ಕೈಕೆಳಗೆ ತಂಡ ಹನ್ನೆರಡಕ್ಕೆ ಹನ್ನೆರಡೂ ಗೆದ್ದಿತು, ಆದರೂ ಶಿಕ್ಷೆ ಇದ್ದದ್ದರಿಂದ ಸೀಸನ್ ಕೊನೆಯ ದೊಡ್ಡ ಪಂದ್ಯಕ್ಕೆ ಕಳಿಸಲಿಲ್ಲ. ಆ ಟ್ರೆಸೆಲ್ ಈಗ ಎಲ್ಲಿದ್ದಾರೆ ಅಂದುಕೊಂಡೆ? 2025ರಲ್ಲಿ ಒಹಾಯೊದ ಲೆಫ್ಟಿನೆಂಟ್ ಗವರ್ನರ್ ಆದರು. ಈ ಊರು ಯಾರನ್ನು ಕ್ಷಮಿಸುತ್ತೆ, ಯಾರನ್ನು ಇಲ್ಲ ಅನ್ನುವುದಕ್ಕೆ ಲೆಕ್ಕಾಚಾರ ಇಲ್ಲ.

2021ರಲ್ಲಿ ಎಲ್ಲ ತಲೆಕೆಳಗಾಯಿತು. ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ವಿರುದ್ಧ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ತೀರ್ಪು ಕೊಟ್ಟರು. ಜುಲೈ 1ರಿಂದ ಆಟಗಾರ ತನ್ನ ಹೆಸರು, ಮುಖ ಬಳಸಿ ಜಾಹೀರಾತು ಮಾಡಿ ದುಡಿಯಬಹುದು ಅಂತಾಯಿತು. ಇದಕ್ಕೇ ಎಲ್ಲರೂ ಎನ್‌ಐಎಲ್ ಅನ್ನುವುದು. 2025ರ ಜುಲೈಯಿಂದ ಇನ್ನೂ ಒಂದು ಹೆಜ್ಜೆ ಮುಂದೆ, ಯೂನಿವರ್ಸಿಟಿಯೇ ನೇರವಾಗಿ ಕೊಡಬಹುದು, ಮೊದಲ ವರ್ಷಕ್ಕೆ ಎಲ್ಲ ಆಟಗಳೂ ಸೇರಿ ಸುಮಾರು 2.05 ಕೋಟಿ ಡಾಲರ್‌ವರೆಗೆ. ಯಾವ ಕೆಲಸಕ್ಕೆ ಐವರ ಮಾನ ಕಳೆದರೋ ಅದನ್ನೇ ಈಗ ಏಜೆಂಟ್ ಇಟ್ಟುಕೊಂಡು ಮಾಡುತ್ತಾರೆ. ಆ ಐವರು 2021ರಲ್ಲೇ ನಮ್ಮ ದಾಖಲೆ ವಾಪಸ್ ಕೊಡಿ ಅಂತ ಕೇಳಿದ್ದರು. ಕೇಳಿದ್ದು ತಪ್ಪಲ್ಲ ಅಲ್ವಾ?

ಹಾಗಂತ ಎಲ್ಲ ಚೆನ್ನಾಗಿದೆ ಅನ್ನಲ್ಲ. ಕ್ವಿನ್ ಯೂವರ್ಸ್ ಅಂತ ಟೆಕ್ಸಾಸ್ ಹುಡುಗ. ಅಲ್ಲಿ ಹೈಸ್ಕೂಲಿನವರು ಹೀಗೆ ದುಡ್ಡು ಮಾಡುವಂತಿಲ್ಲ ಎಂದು ಕೊನೆಯ ವರ್ಷ ಬಿಟ್ಟು 2021ರಲ್ಲಿ ಇಲ್ಲಿಗೆ ಬಂದ. ಸಹಿ ಹಾಕಿಕೊಡುವ ಒಪ್ಪಂದವೊಂದೇ 14 ಲಕ್ಷ ಡಾಲರ್ ಎಂದು ಸುದ್ದಿಯಾಯಿತು. ಇಡೀ ಸೀಸನ್‌ನಲ್ಲಿ ಚೆಂಡು ಮುಟ್ಟಿದ್ದು ಎರಡೇ ಸಲ. ಡಿಸೆಂಬರ್‌ಗೆ ಟೆಕ್ಸಾಸ್ ತಂಡ ಸೇರಿ ಹೊರಟ. ನಾವು ಬೈದುಕೊಂಡೆವು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2025ರ ಜನವರಿಯಲ್ಲಿ ಸೆಮಿಫೈನಲ್‌ಗೆ ಅದೇ ಟೆಕ್ಸಾಸ್ ಎದುರಿಗೆ ಬಂತು. ಕೊನೆಯ ನಿಮಿಷಗಳಲ್ಲಿ ಯೂವರ್ಸ್ ಕೈಯಿಂದ ಚೆಂಡು ಕಿತ್ತು 83 ಗಜ ಓಡಿದವನು ಜ್ಯಾಕ್ ಸಾಯರ್, ಇಲ್ಲಿದ್ದಾಗ ಅವನ ರೂಮ್‌ಮೇಟು, ಪಕ್ಕದ ಪಿಕರಿಂಗ್ಟನ್ ಹುಡುಗ. ನಮ್ಮ ಮನೆಯಲ್ಲಿ ಎಲ್ಲರೂ ಕಿರುಚಿದ ಸದ್ದಿಗೆ ಊರಿಂದ ಬಂದಿದ್ದ ಅತ್ತೆ ಎದ್ದು ಬಂದು "ಯಾರಿಗೇನಾಯ್ತು" ಅಂತ ಕೇಳಿದರು. ಮೂರು ವರ್ಷದ ಕೋಪ ಆ 83 ಗಜದಲ್ಲಿ ಹೋಯಿತು.

ಈಗ ನಿನ್ನ ಕೊನೆಯ ಪ್ರಶ್ನೆ. ಸರಿಯಾಗಿ ಓದು.

ಆಟದ ದಿನ ಈ ಊರಲ್ಲಿ ಎಲ್ಲರೂ ದುಡಿಯುತ್ತಾರೆ. ಸ್ಟೇಡಿಯಂ ಸುತ್ತಲಿನವರು ಮನೆ ಮುಂದಿನ ಹುಲ್ಲಿನ ಮೇಲೆ ಕಾರು ನಿಲ್ಲಿಸಿಕೊಂಡು ದುಡ್ಡು ಎಣಿಸುತ್ತಾರೆ, ಮಕ್ಕಳು ನೀರಿನ ಬಾಟಲಿ ಮಾರುತ್ತಾರೆ, ಟೀ ಶರ್ಟ್, ಟಿಕೆಟ್, ಎಲ್ಲದಕ್ಕೂ ಜನ ಬೇಕು. ಕೇಳಿದವರಿಗೆ ಕೆಲಸ ಇದೆ, ಕೈಗೆ ಕ್ಯಾಶು. ನಿನಗೆ ಮಾತ್ರ ಇಲ್ಲ. ನಿನ್ನದು ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಕ್ಯಾಂಪಸ್ ಒಳಗಿನ ಕೆಲಸ, ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ, ಅಷ್ಟೇ. ಅದಕ್ಕಿಂತ ಹೊರಗಿನದ್ದು ಅನುಮತಿ ಇಲ್ಲದೆ ಒಂದು ಗಂಟೆಯೂ ಬೇಡ.

ನಿನ್ನೊಬ್ಬನಿಗೇ ಈ ಕಷ್ಟ ಅಂದುಕೊಳ್ಳಬೇಡ. ಮೈದಾನದ ಒಳಗೂ ಇದೇ ಕಥೆ. ನಮ್ಮ ತಂಡಕ್ಕೆ ಚೆಂಡು ಒದೆಯಲು ಆಸ್ಟ್ರೇಲಿಯಾದ ಹುಡುಗರು ಬರುತ್ತಾರೆ, ಮೊದಲು ಕ್ಯಾಮರನ್ ಜಾನ್‌ಸ್ಟನ್ ಇದ್ದ, ಆಮೇಲೆ ಜೆಸ್ಸಿ ಮಿರ್ಕೊ. 2021ರ ನಂತರವೂ, ಪಕ್ಕದಲ್ಲಿ ನಿಂತ ಅಮೆರಿಕದ ಹುಡುಗ ಕಾರಿನ ಜಾಹೀರಾತು ಮಾಡುವಾಗ, ವಿದ್ಯಾರ್ಥಿ ವೀಸಾದ ಮೇಲೆ ಬಂದವನು ಕೈಕಟ್ಟಿ ಕೂರಬೇಕು. ಕೆಂಟಕಿಯ ಬ್ಯಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಶೀಬ್ವೆ, ಕಾಂಗೋದವನು, 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲಿ ಜಾಹೀರಾತಿನ ಕೆಲಸ ಮುಗಿಸಿಕೊಂಡು ಬಂದ, ಅಮೆರಿಕದ ನೆಲದ ಮೇಲೆ ಮಾಡುವಂತಿರಲಿಲ್ಲ ಅಂತ. ಅಂಥ ದೊಡ್ಡ ಆಟಗಾರನಿಗೇ, ವಕೀಲರಿದ್ದವನಿಗೇ, ಇಷ್ಟು ಭಯ.

ನನ್ನ ಜೊತೆ ಮೊದಲ ವರ್ಷ ರೂಮಿನಲ್ಲಿದ್ದವನು ಹುಬ್ಬಳ್ಳಿ ಕಡೆಯ ಹುಡುಗ. ನಮಗಿಂತ ಬುದ್ಧಿವಂತ. ಹೊಲದ ಮೇಲೆ ಸಾಲ ತೆಗೆದು ಕಳಿಸಿದ್ದರು, ಡಾಲರ್ ಖರ್ಚು ಮಾಡುವಾಗೆಲ್ಲ ಅವನಿಗೆ ಆ ಹೊಲ ಕಾಣುತ್ತಿತ್ತು. ಪರಿಚಯದವರೊಬ್ಬರು ಆಟದ ದಿನ ಟೀ ಶರ್ಟ್ ಮಾರಲು ನಿಲ್ಲು ಅಂದರು. ನಿಂತ. ಊರಲ್ಲಿ ದೀಪಾವಳಿ ಹೊತ್ತಿಗೆ ಮಾವನ ಅಂಗಡಿಯಲ್ಲಿ ಗಲ್ಲಾ ಮೇಲೆ ಕೂತಂತೆ, ಅದನ್ನ ಕೆಲಸ ಅಂತ ಯಾರು ಕರೀತಾರೆ ಹೇಳು. ಅವನನ್ನು ಬಿಟ್ಟು ನಾವು ನಾಲ್ಕು ಜನ ರೂಮಿನಲ್ಲಿದ್ದೆವು, ಒಬ್ಬರೂ ಬೇಡ ಅನ್ನಲಿಲ್ಲ. ಅವನು ತಂದ ದುಡ್ಡಿನಲ್ಲಿ ಒಂದು ರಾತ್ರಿ ಪಿಜ್ಜಾ ಕೂಡ ತಿಂದಿದ್ದೇವೆ. ವಿಷಯ ಹೇಗೋ ಹೊರಬಿತ್ತು. ವಾದ ಮಾಡಲು ಏನೂ ಇರಲಿಲ್ಲ, ಅನುಮತಿ ಇಲ್ಲದ ಕೆಲಸ ಅಂದರೆ ಸ್ಟೇಟಸ್, ಇಲ್ಲಿ ಇರುವ ಹಕ್ಕೇ, ಹೋಯಿತು. ಟಿವಿಯಲ್ಲಿ ಹಗಲೂ ರಾತ್ರಿ ಆ ಐವರ ಹಚ್ಚೆಯ ಕಥೆ ಓಡುತ್ತಿದ್ದ ಚಳಿಗಾಲದಲ್ಲೇ ಇವನು ಡಿಗ್ರಿ ಇಲ್ಲದೆ ಊರಿಗೆ ಹೊರಟ. ಅವರ ಬಗ್ಗೆ ಇಡೀ ದೇಶ ಚರ್ಚೆ ಮಾಡಿತು. ಇವನನ್ನು ಬಿಡಲು ಏರ್‌ಪೋರ್ಟಿಗೆ ನಾವು ಮೂವರು ಹೋಗಿದ್ದೆವು, ಒಬ್ಬನಿಗೆ ಪರೀಕ್ಷೆ ಇತ್ತು.

ಅವರ ನಿಯಮ ಬದಲಾಯಿತು. ನಮ್ಮದು ಹಾಗೇ ಇದೆ.

ಅವನು ಈಗ ಬೆಂಗಳೂರಿನಲ್ಲಿ ಚೆನ್ನಾಗಿದ್ದಾನೆ, ಸಾಲ ತೀರಿಸಿದ, ಹೊಲ ಉಳಿಯಿತು. ಆದರೆ ಈ ಸ್ಟೇಡಿಯಂ ಒಳಗೆ ಕೂತು ಒಂದು ಆಟವನ್ನೂ ನೋಡಲಿಲ್ಲ, ಯಾವಾಗಲೂ ಹೊರಗೇ ನಿಂತಿದ್ದ. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ, ಇಲ್ಲಿ ಮಧ್ಯಾಹ್ನ 12ಕ್ಕೆ ಮಿಶಿಗನ್ ಆಟ ಶುರುವಾದಾಗ ಅಲ್ಲಿ ರಾತ್ರಿ ಹತ್ತೂವರೆ. "ಓ-ಎಚ್" ಅಂತ ಮೆಸೇಜ್ ಹಾಕುತ್ತಾನೆ. ನಾನು ಉತ್ತರ ಹಾಕುತ್ತೇನೆ. ಅದಕ್ಕಿಂತ ಜಾಸ್ತಿ ನಾವು ಆ ಬಗ್ಗೆ ಮಾತಾಡಿಲ್ಲ.

ಅದಕ್ಕೇ ನಿನಗೆ ಕೈಮುಗಿದು ಹೇಳುವುದು. ಕೆಲಸ ಬೇಕಾದರೆ ಬಂದ ವಾರವೇ ಲೈಬ್ರರಿ, ಕ್ಯಾಂಟೀನು, ಲ್ಯಾಬು ಎಲ್ಲ ಕಡೆ ಅರ್ಜಿ ಹಾಕು. ಸ್ಟೇಡಿಯಂ ಕ್ಯಾಂಪಸ್‌ನಲ್ಲೇ ಇದೆಯಲ್ಲ ಅಂತ ನೀನೇ ತೀರ್ಮಾನ ಮಾಡಬೇಡ, ಸಂಬಳ ಕೊಡುವವರು ಯಾರು ಅನ್ನುವುದರ ಮೇಲೆ ಹೋಗುತ್ತೆ. ಇಂಟರ್‌ನ್ಯಾಷನಲ್ ವಿದ್ಯಾರ್ಥಿಗಳ ಆಫೀಸಿಗೆ ಇಮೇಲ್ ಬರೆದು ಕೇಳು, ಉತ್ತರ ಬರಹದಲ್ಲಿ ತಗೋ. ನನ್ನನ್ನೂ ನಂಬಬೇಡ, ನಾನು ವಕೀಲ ಅಲ್ಲ. ಬೆಟ್ಟಿಂಗ್ ಆ್ಯಪ್ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ, 2023ರಿಂದ ಇಲ್ಲಿ 21 ದಾಟಿದವರಿಗೆ ಅದು ಕಾನೂನುಬದ್ಧ, ಮೊದಲ ಸಲ ಸುಮ್ನೆ ಪುಕ್ಕಟೆ ದುಡ್ಡು ಕೊಟ್ಟು ಸೆಳೆಯುತ್ತಾರೆ. ಇನ್‌ಸ್ಟಾಲ್ ಮಾಡಲೇಬೇಡ.

ಟಿಕೆಟ್: ವಿದ್ಯಾರ್ಥಿಗಳಿಗೆ ಬೇರೆ ದರ ಇದೆ, ಇಮೇಲ್ ಬಂದ ತಕ್ಷಣ ನೋಡು. ಬ್ಯಾಕ್‌ಪ್ಯಾಕ್ ಒಳಗೆ ಬಿಡಲ್ಲ. ವೆಜ್ ಅಂದರೆ ಪಾಪ್‌ಕಾರ್ನ್, ಪ್ರೆಟ್ಜೆಲ್ ಅಷ್ಟೇ ಅಂದುಕೊಂಡು ಮನೆಯಲ್ಲೇ ಚಿತ್ರಾನ್ನ ತಿಂದು ಹೋಗು. ಸಂಘದ ರಾಜ್ಯೋತ್ಸವಕ್ಕೂ ಬಾ, ಹಾಲ್ ಬುಕ್ ಮಾಡುವ ಮೊದಲು ನಾವು ಪಂಚಾಂಗ ನೋಡಲ್ಲ, ಫುಟ್‌ಬಾಲ್ ವೇಳಾಪಟ್ಟಿ ನೋಡುತ್ತೇವೆ.

ಕುಕ್ಕರ್ ತಾ. ಇಲ್ಲೂ ಸಿಗುತ್ತೆ, ಆದರೆ ಬೆಲೆ ಜಾಸ್ತಿ. ಗ್ಯಾಸ್ಕೆಟ್ ಎರಡು ಎಕ್ಸ್‌ಟ್ರಾ ಹಾಕಿಕೋ.