ನಿವೃತ್ತಿಯ ಮರುದಿನ

ಓದುಗರೊಬ್ಬರ ಪತ್ರ: “ನಿವೃತ್ತ ನ್ಯಾಯಮೂರ್ತಿಗಳು ರಾಜ್ಯಪಾಲರಾಗುವುದನ್ನು ಕಳೆದ ಸಂಚಿಕೆಯಲ್ಲಿ ಟೀಕಿಸಿದ್ದೀರಿ. ಅರವತ್ತೈದಕ್ಕೆ ಮನೆಗೆ ಕಳುಹಿಸಿದ ಮೇಲೆ ಅವರ ಅನುಭವವನ್ನು ದೇಶ ಬಳಸಿಕೊಂಡರೆ ತಪ್ಪೇನು? ನಿಮಗೆ ನ್ಯಾಯಮೂರ್ತಿಗಳ ಪ್ರಾಮಾಣಿಕತೆಯಲ್ಲಿ ನಂಬಿಕೆಯಿಲ್ಲವೆ?”

ಸಂಪಾದಕರ ಉತ್ತರ: ತಮ್ಮ ಅಕ್ಷರ ಮುತ್ತು ಪೋಣಿಸಿದಂತಿದೆ, ಕೊನೆಯ ಪ್ರಶ್ನೆಯಲ್ಲಿ ಮಾತ್ರ ತುಸು ಅವಸರ ಕಂಡಿತು. ಅನುಭವ ವ್ಯರ್ಥವಾಗಬಾರದೆಂಬುದನ್ನು ಒಪ್ಪುತ್ತೇನೆ. ಹುದ್ದೆ ಒಪ್ಪಿಕೊಂಡವರೆಲ್ಲ ತೀರ್ಪು ಮಾರಿಕೊಂಡವರೂ ಅಲ್ಲ. ವಿಚಾರಣೆಯಿಲ್ಲದೆ ಬಂಧಿಸಿಡುವುದನ್ನು ಪ್ರಶ್ನಿಸಿದ 1950ರ ಗೋಪಾಲನ್ ಪ್ರಕರಣದಲ್ಲಿ ಬಂಧಿತನ ಪರವಾಗಿ ಭಿನ್ನಮತ ಬರೆದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫಜಲ್ ಅಲಿ ಅವರು 1952ರಲ್ಲಿ ಒಡಿಶಾದ ರಾಜ್ಯಪಾಲರಾದರು. ನನ್ನ ಸೌಜನ್ಯ ಇಲ್ಲಿಗೆ ಮುಗಿಯಿತು.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯ ಸಂಬಳ ಸಂಚಿತ ನಿಧಿಯ, ಅಂದರೆ ದೇಶದ ಬೊಕ್ಕಸದ, ಮೇಲಿನ ನೇರ ವೆಚ್ಚವಾದ್ದರಿಂದ ಸಂಸತ್ತು ಅದನ್ನು ಮತಕ್ಕೆ ಹಾಕುವಂತಿಲ್ಲ. ಅವರನ್ನು ತೆಗೆದುಹಾಕಬೇಕಾದರೆ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ನಿವೃತ್ತರಾದ ಮೇಲೆ ಅವರು ಯಾವ ನ್ಯಾಯಾಲಯದಲ್ಲೂ ವಕೀಲಿಕೆ ಮಾಡಬಾರದೆಂದು ಸಂವಿಧಾನದ 124ನೇ ವಿಧಿಯೇ ಹೇಳುತ್ತದೆ. ಕಕ್ಷಿದಾರನ ಋಣ ತಗಲದಿರಲೆಂದು ಇಷ್ಟು ಎಚ್ಚರ ವಹಿಸಿದ ವಿಧಿ ಸರ್ಕಾರದ ಋಣದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇದು ಕಣ್ತಪ್ಪಿನಿಂದ ಆದದ್ದಲ್ಲ. 1949ರಲ್ಲಿ ಸಂವಿಧಾನ ಸಭೆಯಲ್ಲಿ ಸದಸ್ಯ ಕೆ.ಟಿ. ಷಾ ಅವರು ಇಂಥ ನೇಮಕಗಳಿಗೆ ತಡೆ ಬಯಸಿದಾಗ, ನ್ಯಾಯಾಲಯಗಳ ಮುಂದಿನ ವ್ಯಾಜ್ಯಗಳಲ್ಲಿ ಸರ್ಕಾರಕ್ಕಿರುವ ಆಸಕ್ತಿ ಅತ್ಯಲ್ಪವೆಂದು ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅವರಿಗೆ ಕೈಮುಗಿದೇ ಹೇಳುತ್ತೇನೆ, ಆ ಲೆಕ್ಕ ಇಂದು ನಿಲ್ಲದು. ಭೂಸ್ವಾಧೀನವಿರಲಿ, ತೆರಿಗೆಯಿರಲಿ, ಸೇವಾ ವಿವಾದವಿರಲಿ, ದೇಶದ ಅತಿ ದೊಡ್ಡ ಕಕ್ಷಿದಾರ ಈಗ ಸರ್ಕಾರವೇ.

ಸೆತಲ್ವಾಡ್ ಅವರ ಅಧ್ಯಕ್ಷತೆಯ ಕಾನೂನು ಆಯೋಗ ಈ ಅಪಾಯವನ್ನು ಬೇಗನೆ ಕಂಡು, ಸುಪ್ರೀಂ ಕೋರ್ಟಿನಿಂದ ನಿವೃತ್ತರಾದವರು ಸರ್ಕಾರಿ ಹುದ್ದೆ ಒಪ್ಪಬಾರದೆಂದು 1958ರ ವರದಿಯಲ್ಲಿ ಹೇಳಿತು. ಆಯೋಗದ ಸದಸ್ಯರಲ್ಲೊಬ್ಬರಾಗಿದ್ದ, ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಅವರು ಅದೇ ವರ್ಷ ಅಮೆರಿಕಕ್ಕೆ ರಾಯಭಾರಿಯಾಗಿ ಹೊರಟರು! ಶಿಫಾರಸು ಸುಪ್ರೀಂ ಕೋರ್ಟಿನವರಿಗೆ, ಛಾಗ್ಲಾ ಹೈಕೋರ್ಟಿನವರು ಎಂದು ಯಾರಾದರೂ ವಾದಿಸಬಹುದು. ವಕೀಲರಿಗೆ ವಾದಕ್ಕೆ ಎಂದೂ ಬರಗಾಲವಿಲ್ಲ.

ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲ್‌ನಲ್ಲಿ, ಬಂಧಿತರಿಗೆ ನ್ಯಾಯಾಲಯದ ಬಾಗಿಲು ಮುಚ್ಚಬಾರದೆಂದು ಐವರ ಪೀಠದಲ್ಲಿ ಒಬ್ಬರೇ ಬರೆದ ಎಚ್.ಆರ್. ಖನ್ನಾ ಅವರಿಗೆ ಸರದಿಯಂತೆ ಬರಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿ ಪದವಿ 1977ರ ಜನವರಿಯಲ್ಲಿ ತಪ್ಪಿತು. ಕಿರಿಯರಾದ ಬೇಗ್ ಅವರನ್ನು ಆ ಸ್ಥಾನಕ್ಕೆ ಆರಿಸಿದಾಗ ಖನ್ನಾ ರಾಜೀನಾಮೆ ಕೊಟ್ಟರು. ಈ ಶಿಕ್ಷೆ ಎಲ್ಲರಿಗೂ ಕಂಡಿತು, ದೇಶ ಇಂದಿಗೂ ನೆನೆಯುತ್ತದೆ. ಬಹುಮಾನದ ಆಸೆ ಹಾಗೆ ಕಾಣುವುದಿಲ್ಲ. ಅದು ನ್ಯಾಯಮೂರ್ತಿಯ ಮನಸ್ಸಿನಲ್ಲಿ ಇದ್ದಿತೋ ಇಲ್ಲವೋ ಎಂದು ಹೇಳಬಲ್ಲ ಸಾಕ್ಷಿ ಇಲ್ಲ.

ತಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ನನಗೆ ಮರುಕವಿರುವುದು ಪ್ರಾಮಾಣಿಕರ ಬಗ್ಗೆಯೇ. ನಾನು ಬಲ್ಲ ನಿವೃತ್ತ ನ್ಯಾಯಮೂರ್ತಿಯೊಬ್ಬರು ಹೇಳಿದ್ದರು: “ಕೊನೆಯ ವರ್ಷ ಸರ್ಕಾರದ ಪರವಾಗಿ ತೀರ್ಪು ಬರೆದಾಗಲೆಲ್ಲ, ಅದು ಕಾನೂನಿಗೆ ಸರಿಯಾಗಿದ್ದರೂ, ಮರುದಿನ ವಕೀಲರ ಮುಖ ನೋಡಲು ಸಂಕೋಚವಾಗುತ್ತಿತ್ತು.” ಅವರು ಯಾವ ಹುದ್ದೆಯನ್ನೂ ಬಯಸಲಿಲ್ಲ, ಪಡೆಯಲೂ ಇಲ್ಲ. ಬೇರೆಯವರು ಪಡೆದದ್ದರ ನೆರಳು ಅವರ ತೀರ್ಪಿನ ಮೇಲೂ ಬಿದ್ದಿತ್ತು.

ನ್ಯಾಯಮೂರ್ತಿಗಳನ್ನಷ್ಟೇ ದೂರುವ ಅಧಿಕಾರ ನನಗಿಲ್ಲ. ಅಕಾಡೆಮಿಯ ಕುರ್ಚಿಗೆ ಕಣ್ಣಿಟ್ಟು ಸಂಪಾದಕೀಯದ ಮೊನೆ ಮೊಂಡು ಮಾಡಿಕೊಂಡವರು ನಮ್ಮ ವೃತ್ತಿಯಲ್ಲೂ ಇದ್ದಾರೆ; ಯಾವ ಪಕ್ಷದ ಸರ್ಕಾರ ಬಂದರೂ ಅವರಿಗೆ ಮಾಸದ ನಗುವಿದೆ. ಆದರೆ ನನ್ನ ಬರಹ ಮೊಂಡಾದರೆ ಯಾರೂ ಜೈಲಿನಲ್ಲಿ ಉಳಿಯುವುದಿಲ್ಲ.

ನ್ಯಾಯಮಂಡಳಿಗಳಿಗೆ (ಟ್ರಿಬ್ಯೂನಲ್‌ಗಳಿಗೆ) ನಿವೃತ್ತರು ಬೇಕೇಬೇಕೆಂದಾದರೆ, ಆಯ್ಕೆಯಲ್ಲಿ ಸರ್ಕಾರದ ಕೈ ಇರದಿರಲಿ. ರಾಜಭವನ, ರಾಜ್ಯಸಭೆಗಳ ಮಾತು ಬೇಡವೇ ಬೇಡ. ಬದಲಿಗೆ ಕೊನೆಯ ತಿಂಗಳ ಪೂರ್ಣ ಸಂಬಳವನ್ನೇ ಜೀವಮಾನವಿಡೀ ಪಿಂಚಣಿಯಾಗಿ ಕೊಡಲಿ. ತೆರಿಗೆ ಕಟ್ಟುವವನಾಗಿ ನಾನು ಗೊಣಗುವುದಿಲ್ಲ.