ಒಂದು ವಾಕ್ಯವನ್ನು ಕೈಬಿಟ್ಟದ್ದೇಕೆ

ಮಾನ್ಯರೇ,

ಗಾಜಾ ಕುರಿತ ನಿಮ್ಮ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸುವಾಗ, "ಜಗತ್ತಿನ ಪತ್ರಿಕೆಗಳೆಲ್ಲ ಯಹೂದಿಗಳ ದುಡ್ಡಿಗೆ ಮಾರಿಹೋಗಿವೆ" ಎಂಬ ಒಂದು ವಾಕ್ಯವನ್ನು ನಾವು ಕೈಬಿಟ್ಟಿದ್ದೆವು. ಅದನ್ನು ಆಕ್ಷೇಪಿಸಿ ನೀವು ಮತ್ತೆ ಬರೆದಿದ್ದೀರಿ. ವಿದ್ಯಾರ್ಥಿ ದೆಸೆಯಿಂದಲೂ ಎಡಪಂಥೀಯ ವಿಚಾರಗಳನ್ನು ನಂಬಿ ಬಂದವರು ನೀವು; ಯಹೂದಿದ್ವೇಷ ಬಲಪಂಥದ ರೋಗವಾಗಿರುವಾಗ ಅದರ ಅನುಮಾನ ನಿಮ್ಮ ಮೇಲೆ ಬೀಳುವುದಾದರೂ ಹೇಗೆ ಎಂದು ಕೇಳಿದ್ದೀರಿ. ನನಗೆ ಅನುಮಾನವಿರುವುದು ಆ ವಾಕ್ಯದ ಮೇಲೆ, ನಿಮ್ಮ ಮೇಲಲ್ಲ. ಈ ಮಾತನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸಲಾರೆ.

ಮೊದಲು ಒಪ್ಪಬೇಕಾದದ್ದನ್ನು ಒಪ್ಪಿಬಿಡುತ್ತೇನೆ. ಅರವತ್ತು ಲಕ್ಷ ಯಹೂದಿಗಳನ್ನು ಕೊಂದದ್ದು ನಾಜಿಗಳ ಜನಾಂಗಶ್ರೇಷ್ಠತೆಯ ಸಿದ್ಧಾಂತ. ಅದನ್ನು ಬೇರಾವುದರೊಂದಿಗೂ ತಕ್ಕಡಿಯಲ್ಲಿಟ್ಟು ತೂಗಲು ನಾನು ಸಿದ್ಧನಿಲ್ಲ. ಆದರೆ ನಿಮ್ಮ ವಾಕ್ಯದ ವಂಶಾವಳಿಯನ್ನು ಹುಡುಕುತ್ತ ಹೋದರೆ ಹಿಟ್ಲರನಿಗಿಂತ ಬಹಳ ಮೊದಲೇ ಅದು ಪ್ಯಾರಿಸ್ಸಿನಲ್ಲಿ ಸಿಗುತ್ತದೆ. 1845ರಲ್ಲಿ ಟೂಸ್ನೆಲ್ ಎಂಬ ಸಮಾಜವಾದಿ ಲೇಖಕ, ಯಹೂದಿಗಳೇ ಈ ಯುಗದ ದೊರೆಗಳು ಎಂಬರ್ಥದ ಹೆಸರಿಟ್ಟು ಪುಸ್ತಕ ಬರೆದ. ಬ್ಯಾಂಕುಗಳ ಮೇಲೆ, ರೈಲು ಕಂಪನಿಗಳ ಮೇಲೆ ಬಡವರಿಗಿದ್ದ ನ್ಯಾಯವಾದ ಸಿಟ್ಟನ್ನು ಅವನು ಒಂದು ಸಮುದಾಯದ ಕಡೆಗೆ ತಿರುಗಿಸಿದ.

ಆ ಸಿಟ್ಟು ಏನು ಮಾಡಿತೆಂಬುದನ್ನು ಕ್ಯಾಪ್ಟನ್ ಡ್ರೇಫಸ್ ಪ್ರಕರಣದಲ್ಲಿ ನೋಡಬಹುದು. ಜರ್ಮನಿಗೆ ಫ್ರೆಂಚ್ ಸೇನೆಯ ಗುಟ್ಟು ಮಾರಿದನೆಂದು 1894ರ ಡಿಸೆಂಬರಿನಲ್ಲಿ ಈ ಯಹೂದಿ ಅಧಿಕಾರಿಗೆ ಜೀವಾವಧಿ ಗಡೀಪಾರಿನ ಶಿಕ್ಷೆಯಾಯಿತು. ಮರುವರ್ಷ ಜನವರಿ 5ರಂದು ಪ್ಯಾರಿಸ್ಸಿನ ಸೈನಿಕ ಶಾಲೆಯ ಅಂಗಳದಲ್ಲಿ ಅವನ ಸಮವಸ್ತ್ರದ ಪಟ್ಟಿಗಳನ್ನೂ ಗುಂಡಿಗಳನ್ನೂ ಕಿತ್ತರು, ಕತ್ತಿಯನ್ನು ಮುರಿದರು. ತಾನು ನಿರಪರಾಧಿ ಎಂದು ಅವನು ಕೂಗುತ್ತಿದ್ದರೆ ಹೊರಗೆ ನೆರೆದ ಜನ ಅವನನ್ನು ಕೊಲ್ಲಬೇಕೆಂದು ಕೂಗುತ್ತಿದ್ದರು. ಆ ಗುಂಪಿನ ಸದ್ದಿಗೆ ರಾಜಸತ್ತೆಯನ್ನು ಬಯಸುವ ಪತ್ರಿಕೆಗಳು ದನಿಗೂಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಸಮಾಜವಾದಿಗಳ ದೊಡ್ಡ ಮಾತುಗಾರ ಝಾನ್ ಝೋರೆಸ್ ಕೂಡ, ಬಡ ಸಿಪಾಯಿಯಾಗಿದ್ದರೆ ಗುಂಡಿಟ್ಟು ಕೊಲ್ಲುತ್ತಿದ್ದಿರಿ, ಇವನನ್ನೇಕೆ ಉಳಿಸಿದಿರಿ ಎಂಬ ಧಾಟಿಯಲ್ಲಿ ಸಂಸತ್ತಿನಲ್ಲಿ ವಾದಿಸಿದರು. 1898ರ ಜನವರಿ 13ರಂದು ಡ್ರೇಫಸ್‌ನ ಪರವಾಗಿ ಕಾದಂಬರಿಕಾರ ಎಮಿಲ್ ಝೋಲಾ ಪ್ರಕಟಿಸಿದ ಬಹಿರಂಗ ಪತ್ರ ದೇಶವನ್ನೇ ಅಲುಗಾಡಿಸಿದ ಮೇಲೂ, ಇದು ಬೂರ್ಜ್ವಾಗಳ, ಅಂದರೆ ಉಳ್ಳವರ, ಒಳಜಗಳ, ಕಾರ್ಮಿಕರು ಯಾವ ಪಕ್ಷವನ್ನೂ ವಹಿಸಬೇಕಿಲ್ಲ ಎಂದು ಸಮಾಜವಾದಿ ಸಂಸದರು ಹೊರಡಿಸಿದ ಪ್ರಕಟಣೆಗೆ ಝೋರೆಸ್ ಸಹಿ ಹಾಕಿದ್ದರು. ಅದೇ ವರ್ಷ ಆಗಸ್ಟಿನಲ್ಲಿ, ಸಾಕ್ಷ್ಯಗಳನ್ನು ಒಂದೊಂದಾಗಿ ಪರಿಶೀಲಿಸಿದ ಝೋರೆಸ್ ಡ್ರೇಫಸ್‌ನ ಪರವಾಗಿ ಸರಣಿ ಲೇಖನಗಳನ್ನು ಬರೆಯತೊಡಗಿದರು. ಸಮಾಜವಾದವನ್ನು ಬಿಟ್ಟು ಅವರು ಆ ನಿಲುವಿಗೆ ಬಂದವರಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವವರು ಲೆಫ್ಟಿನೆಂಟ್ ಕರ್ನಲ್ ಪಿಕಾರ್. ಅವರ ಕಾಲದ ಸೇನಾಧಿಕಾರಿಗಳಲ್ಲಿ ಯಹೂದಿಗಳ ಬಗೆಗಿದ್ದ ಅಸಡ್ಡೆ ಅವರಲ್ಲೂ ಇತ್ತು. 1896ರಲ್ಲಿ ಬೇಹುಗಾರಿಕೆ ವಿಭಾಗದ ಮುಖ್ಯಸ್ಥರಾಗಿದ್ದಾಗ ಎಸ್ಟರ್‌ಹೇಜಿ ಎಂಬ ಮೇಜರನ ಪತ್ರಗಳು ಅವರ ಕೈಗೆ ಬಂದವು. ಡ್ರೇಫಸ್‌ಗೆ ಶಿಕ್ಷೆ ಕೊಡಿಸಿದ ಚೀಟಿಯನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದರೆ ಅಕ್ಷರ ಒಂದೇ. ಆ ಯಹೂದಿ ಗಡೀಪಾರಿನ ದ್ವೀಪದಲ್ಲಿ ಬಿದ್ದಿದ್ದರೆ ನಿಮಗೇನು ಎಂದು ಮೇಲಧಿಕಾರಿ ಕೇಳಿದರೆಂದು ಪಿಕಾರ್ ಮುಂದೆ ಸಾಕ್ಷ್ಯ ನುಡಿದರು. ಅವರು ಬಾಯಿ ಮುಚ್ಚಿಕೊಂಡಿರಲು ಒಪ್ಪಲಿಲ್ಲ. ಟ್ಯುನೀಷಿಯಾಕ್ಕೆ ವರ್ಗವಾದರು, ಆಮೇಲೆ ಸೆರೆಮನೆಯನ್ನೂ ಕಂಡರು. ಯಹೂದಿಗಳ ಮೇಲೆ ಅವರಿಗೆ ಹೊಸದಾಗಿ ಪ್ರೀತಿ ಹುಟ್ಟಿತ್ತೆಂದು ಹೇಳಲು ಆಧಾರವಿಲ್ಲ. ಕಣ್ಣೆದುರಿಗಿದ್ದ ಅಕ್ಷರವನ್ನು ಇಲ್ಲವೆನ್ನಲು ಅವರಿಂದಾಗಲಿಲ್ಲ, ಅಷ್ಟೆ. ಅಷ್ಟೇ ಸಾಕಾಯಿತು.

ಅದು ರಷ್ಯಾದ ಕ್ರಾಂತಿಗೆ ಮೊದಲಿನ ಮಾತು, ಎಡಪಂಥ ಅಧಿಕಾರಕ್ಕೆ ಬಂದ ಮೇಲೆ ಹಾಗಾಗಲಿಲ್ಲ ಎಂದು ನೀವು ಹೇಳಬಹುದು. ಝೋಲಾರ ಪತ್ರ ಅಚ್ಚಾಗಿ ಸರಿಯಾಗಿ 55 ವರ್ಷಕ್ಕೆ, 1953ರ ಜನವರಿ 13ರಂದು, ಸೋವಿಯತ್ ಪಕ್ಷದ ಮುಖವಾಣಿ 'ಪ್ರಾವ್ದಾ', ಸೋವಿಯತ್ ನಾಯಕರನ್ನು ಕೊಲ್ಲಲು ವೈದ್ಯರು ಸಂಚು ಹೂಡಿದ್ದಾರೆಂಬ ಆರೋಪವನ್ನು ಪ್ರಕಟಿಸಿತು. ಹೆಸರಿಸಿದ ಒಂಬತ್ತು ವೈದ್ಯರಲ್ಲಿ ಆರು ಮಂದಿ ಯಹೂದಿಗಳು. ಮಾರ್ಚಿನಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ, ಏಪ್ರಿಲ್‌ನಲ್ಲಿ ಆ ಆರೋಪ ಸುಳ್ಳೆಂದು ಸರ್ಕಾರವೇ ಒಪ್ಪಿಕೊಂಡಿತು. ಕಮ್ಯುನಿಸ್ಟ್ ಪೋಲೆಂಡಿನಲ್ಲಿ 1968ರಲ್ಲಿ ಯಹೂದಿಗಳ ವಿರುದ್ಧ ಬಳಕೆಗೆ ಬಂದ ಪದ 'ಯಹೂದಿ' ಅಲ್ಲ, 'ಜಿಯೋನಿಸ್ಟ್', ಎಂದರೆ ಯಹೂದಿ ರಾಷ್ಟ್ರದ ಪ್ರತಿಪಾದಕ. ಆ ಪದ ಹೊತ್ತು ಕೆಲಸ ಕಳೆದುಕೊಂಡವರಲ್ಲಿ ಇಸ್ರೇಲಿನೊಂದಿಗೆ ಯಾವ ಸಂಬಂಧವೂ ಇಲ್ಲದ ಪ್ರಾಧ್ಯಾಪಕರಿದ್ದರು, ವೈದ್ಯರಿದ್ದರು, ಪಕ್ಷಕ್ಕಾಗಿಯೇ ಬಾಳು ಸವೆಸಿದವರಿದ್ದರು. ದೇಶ ಬಿಡಲು ಅವರು ಪೌರತ್ವವನ್ನು ತೊರೆಯಬೇಕಿತ್ತು. ಕೈಗೆ ಕೊಟ್ಟ ಪ್ರಯಾಣಪತ್ರದಲ್ಲಿ, ಇದನ್ನು ಹೊಂದಿರುವವರು ಪೋಲೆಂಡಿನ ಪ್ರಜೆಯಲ್ಲ ಎಂದು ಬರೆದಿತ್ತು. ಯಾವ ದೇಶದ ಪ್ರಜೆ ಎಂಬುದು ಮಾತ್ರ ಅದರಲ್ಲಿರಲಿಲ್ಲ. ನಾಜಿಗಳ ಕೈಯಿಂದ ಉಳಿದು ಬಂದವರೂ ಆ ಪತ್ರ ಹಿಡಿದು ವಾರ್ಸಾದ ಗ್ದಾನ್ಸ್ಕ್ ನಿಲ್ದಾಣದಲ್ಲಿ ರೈಲು ಹತ್ತಿದರು.

ನಮ್ಮಲ್ಲಿ ಹೆಚ್ಚಿನವರು ಯಹೂದಿಯೊಬ್ಬರನ್ನು ಭೇಟಿಯಾಗದೆಯೇ ಬದುಕು ಕಳೆಯುತ್ತೇವೆ. ಅವರ ಬಗ್ಗೆ ನಮಗಿರುವ ಭಾವನೆ ಒಡನಾಟದಿಂದ ಬಂದದ್ದಲ್ಲ, ನಾವು ಒಪ್ಪಿಕೊಂಡ ರಾಜಕೀಯದಿಂದ ಬಂದದ್ದು. ಇಸ್ರೇಲನ್ನು ಹೊಗಳುವ ಭರದಲ್ಲಿ ಇಲ್ಲಿನ ಮುಸ್ಲಿಮರನ್ನು ಹಳಿಯುವ ಪತ್ರಗಳೂ ನಮಗೆ ಬರುತ್ತವೆ. ಅವುಗಳಲ್ಲೂ ಇಂಥ ವಾಕ್ಯಗಳನ್ನು ಇದೇ ಕಾರಣಕ್ಕೆ ತೆಗೆಯುತ್ತೇವೆ.

ಗಾಜಾದಲ್ಲಿ ಸತ್ತ ಮಕ್ಕಳ ಬಗ್ಗೆ ನೀವು ಬರೆದ ಒಂದು ಅಕ್ಷರವನ್ನೂ ನಾವು ಮುಟ್ಟಿಲ್ಲ, ಮುಂದೆಯೂ ಮುಟ್ಟುವುದಿಲ್ಲ. ಯಾವ ಪತ್ರಿಕೆ, ಯಾವ ಮಾಲೀಕ, ಯಾವ ಸುದ್ದಿಯನ್ನು ಅದುಮಿಟ್ಟರು ಎಂದು ಹೆಸರು ಹಿಡಿದು, ಆಧಾರ ಕೊಟ್ಟು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಕಾದಿರಿಸಿದ್ದೇನೆ.

- ಸಂಪಾದಕ