ಗಾಳಿ ಇದೆ ಸರಿ, ಲೈನ್ ಎಲ್ಲಿದೆ?

ಬಡ ದೇಶದಲ್ಲಿ ವಿಂಡ್ ಫಾರ್ಮ್ ಹಾಕಿದರೆ ಗಿಟ್ಟುತ್ತದಾ, ಅದನ್ನು ಮೊದಲೇ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಕೆಲವು ವರ್ಷ ಗಾಳಿ ಅಳೆಯುವ ಕೆಲಸದಲ್ಲೇ ಇದ್ದವನು. ಆದರೂ ಹೇಳುತ್ತೇನೆ, ಗಾಳಿಯ ಮ್ಯಾಪ್ ಆಮೇಲೆ ತೆರೆಯಿರಿ. ಮೊದಲು ಸಬ್‌ಸ್ಟೇಷನ್ ಎಷ್ಟು ದೂರ, ಲೈನ್ ಎಳೆಯೋರು ಯಾರು, ಅವರ ಹತ್ತಿರ ದುಡ್ಡಿದೆಯಾ ಅಂತ ವಿಚಾರಿಸಿ.

ಕೀನ್ಯಾದ ತುರ್ಕಾನಾ ಸರೋವರದ ಪಕ್ಕ 365 ಗಾಳಿಯಂತ್ರ ಹಾಕಿದ್ದಾರೆ. ಒಟ್ಟು 310 ಮೆಗಾವಾಟ್. ಅಲ್ಲಿ ಗಾಳಿಗೆ ಬರವೇ ಇಲ್ಲ. ಆದರೆ ಆಗ ಸರಿಯಾದ ರಸ್ತೆ ಇರಲಿಲ್ಲ, ಲೈನ್ ಇರಲಿಲ್ಲ. ಯಂತ್ರ ಸಾಗಿಸೋಕೆ ಮೊದಲು 200 ಕಿ.ಮೀ.ಗೂ ಹೆಚ್ಚು ರಸ್ತೆ ಸರಿ ಮಾಡಬೇಕಾಯಿತು. 2017ರಲ್ಲಿ ಯಂತ್ರಗಳೆಲ್ಲ ಎದ್ದು ನಿಂತವು. ಆದರೆ ಸುಮಾರು 430 ಕಿ.ಮೀ. ಲೈನಿನ ಗುತ್ತಿಗೆ ಹಿಡಿದಿದ್ದ ಸ್ಪೇನ್ ಕಂಪನಿ ನಡುವೆಯೇ ದಿವಾಳಿಯಾಗಿ, ಕೆಲಸ ಬೇರೆಯವರ ಕೈಗೆ ಹೋಗಿ, ಕರೆಂಟ್ ಹರಿಯುವಷ್ಟರಲ್ಲಿ 2018ರ ಸೆಪ್ಟೆಂಬರ್ ಬಂತು. ಒಂದು ಯೂನಿಟ್ ಬಳಸದೆಯೇ ಕೀನ್ಯಾ ಫಾರ್ಮಿನವರಿಗೆ ದಂಡ ತೆರಬೇಕಾಗಿ ಬಂತು, ಏಕೆಂದರೆ ಒಪ್ಪಂದದಲ್ಲೇ ಹಾಗಿತ್ತು. ಇಷ್ಟೊಂದು ಕರೆಂಟ್ ದೇಶಕ್ಕೆ ಬೇಕಾಗುತ್ತದಾ ಅನ್ನೋ ಅನುಮಾನದಲ್ಲಿ ವಿಶ್ವಬ್ಯಾಂಕ್ 2012ರಲ್ಲೇ ಈ ಯೋಜನೆಯನ್ನು ಕೈಬಿಟ್ಟಿತ್ತು.

ಇನ್ನು ಗಾಳಿ. ಸ್ಥಳದಲ್ಲೇ ಮಾಸ್ಟ್, ಅಂದರೆ ಗಾಳಿ ಅಳೆಯುವ ಎತ್ತರದ ಕಂಬ, ನಿಲ್ಲಿಸಿ ಕಡಿಮೆ ಅಂದರೂ ಒಂದು ವರ್ಷ ಅಳೆಯಬೇಕು. ವೇಗ ಸೆಕೆಂಡಿಗೆ 6 ಮೀಟರ್‌ನಿಂದ 7ಕ್ಕೆ ಹೋದರೆ ಗಾಳಿಯಲ್ಲಿರುವ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಅಂದರೆ ಅಳತೆಯಲ್ಲಿ ಅರ್ಧ ಮೀಟರ್ ತಪ್ಪಿದರೂ ಲೆಕ್ಕ ಕೆಟ್ಟಿತು ಅಂತಲೇ. ಒಮ್ಮೆ ಗದಗ ಕಡೆಯ ಒಂದು ಮಾಸ್ಟಿನ ಡೇಟಾ ನೋಡುತ್ತಿದ್ದೆ. ಒಂದೇ ಎತ್ತರದಲ್ಲಿ ಎರಡು ಕಪ್ ಮೀಟರ್ (ಗಾಳಿಗೆ ತಿರುಗುವ ಬಟ್ಟಲುಗಳಿಂದ ವೇಗ ಅಳೆಯುವ ಸಾಧನ), ಆದರೆ ಮಳೆಗಾಲ ಬಂತೆಂದರೆ ಒಂದು ಮಾತ್ರ ಕಡಿಮೆ ತೋರಿಸುತ್ತಿತ್ತು. ಮೀಟರ್ ಕೆಟ್ಟಿದೆ ಅಂದುಕೊಂಡು ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಫೋಟೊ ತರಿಸಿ ನೋಡಿದರೆ, ನೈಋತ್ಯದ ಗಾಳಿಗೆ ಅದು ಸರಿಯಾಗಿ ಕಂಬದ ಮರೆಯಲ್ಲಿ ಕೂತಿದೆ! ಮೀಟರ್ ಸುಳ್ಳು ಹೇಳಿರಲಿಲ್ಲ, ನಾವು ಕೂರಿಸಿದ ಜಾಗವೇ ತಪ್ಪು.

ವರ್ಷದ ಸರಾಸರಿ ನೋಡಿ ಖುಷಿಪಡಬೇಡಿ. ನಮ್ಮ ಗದಗ, ಚಿತ್ರದುರ್ಗದಲ್ಲಿ ಆಷಾಢದ ಗಾಳಿಗೆ ಫ್ಯಾನುಗಳು ಹುಚ್ಚೆದ್ದು ತಿರುಗುತ್ತವೆ. ಪಂಪ್‌ಸೆಟ್‌ಗೆ ಕರೆಂಟ್ ಬೇಕಾದ ಮಾರ್ಚ್ ತಿಂಗಳಲ್ಲಿ ತೂಕಡಿಸುತ್ತವೆ. ಆದ್ದರಿಂದ ತಿಂಗಳುವಾರು ಲೆಕ್ಕ ಕೇಳಿ. ಕರೆಂಟ್ ಕೊಳ್ಳುವವರು ಹಳೇ ಬಿಲ್ ಎಷ್ಟು ತಿಂಗಳಿಗೆ ಕಟ್ಟುತ್ತಾರೆ ಅಂತಲೂ ಕೇಳಿ. ಬ್ಯಾಂಕಿನವರು ಕೇಳೋದು ಅದನ್ನೇ.

ಜಮೀನಿನ ವಿಷಯದಲ್ಲಂತೂ ಪಹಣಿ ಒಂದನ್ನೇ ನಂಬಬೇಡಿ, ಅಲ್ಲಿ ದನ ಮೇಯಿಸುವವರನ್ನೂ ಮಾತಾಡಿಸಿ. ತುರ್ಕಾನಾ ಫಾರ್ಮಿಗೆ ಒಂದೂವರೆ ಲಕ್ಷ ಎಕರೆ ಗುತ್ತಿಗೆಗೆ ಕೊಟ್ಟಿದ್ದರು. ಪಶುಪಾಲಕರು ಕೋರ್ಟಿಗೆ ಹೋದರು. ಫಾರ್ಮ್ ಶುರುವಾಗಿ ಮೂರು ವರ್ಷ ಆದಮೇಲೆ, 2021ರಲ್ಲಿ, ಆ ಜಮೀನಿನ ಪತ್ರ ಕ್ರಮಬದ್ಧವಲ್ಲ ಅಂತ ತೀರ್ಪು ಬಂತು.